ವೇದಿಕೆಯ ಮೇಲೆ ಸಿಕ್ಕ ಮನೆ

ಕೋವಿಡ್ ಗದ್ದಲ ಮುಗಿದು ಎರಡು ವರ್ಷವಾಗಿತ್ತು. ದೇವದುರ್ಗದಿಂದ ವರ್ಗವಾಗಿ ರಾಯಚೂರಿನ ಕಚೇರಿಯೊಂದಕ್ಕೆ ಸಮುದಾಯ ಸಂಘಟನಾಧಿಕಾರಿಯಾಗಿ ಬಂದಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ಇಷ್ಟೇ: ವಸತಿ ಯೋಜನೆಗೆ ಅರ್ಜಿ ಹಾಕಿದವರ ಓಣಿಗೆ ಹೋಗಿ, ಅವರಿಗೆ ನಿಜವಾಗಿಯೂ ಸ್ವಂತ ಮನೆ ಇಲ್ಲವೆಂದು ಖಾತ್ರಿ ಮಾಡಿ, ಫಲಾನುಭವಿ ಎಂದು ಸೇರಿಸುವುದು. ಸಚಿವರು ಬಂದರೆ ಅದೇ ಜನರನ್ನು ಬಸ್ಸಿನಲ್ಲಿ ತುಂಬಿಕೊಂಡು ಸಭೆಗೆ ತರುವುದೂ ನಮ್ಮ ಪಾಲಿಗೇ ಬರುತ್ತಿತ್ತು. ಇದನ್ನು ಯಾವ ಸುತ್ತೋಲೆಯೂ ಹೇಳುವುದಿಲ್ಲ. ಆದರೆ ಕುರ್ಚಿ ಖಾಲಿ ಉಳಿದರೆ ನೋಟಿಸು ಮಾತ್ರ ಬರುತ್ತದೆ.

ಆಗ ಊರಿನಲ್ಲಿ ಬಾಡಿಗೆಯ ಮಾತೆತ್ತಿದರೆ ಜಗಳ. ತಗಡಿನ ಒಂದು ಖೋಲಿಗೂ ಅಡ್ವಾನ್ಸ್ ಕೇಳುತ್ತಿದ್ದರು. ಸುತ್ತ ಭತ್ತ ಬೆಳೆಯುವ, ನಡುವೆ ಅಕ್ಕಿ ಗಿರಣಿಗಳಿರುವ ಊರಲ್ಲಿ ಅಕ್ಕಿಯೇ ತುಟ್ಟಿ. ಬೇಳೆ, ಎಣ್ಣೆ, ಸಿಲಿಂಡರಿನ ಮಾತು ಬಿಡಿ. ಕಾರಣ ಯಾರು ಎಂದರೆ ಬೆಂಗಳೂರು ದಿಲ್ಲಿಯ ಕಡೆ ಕೈ ತೋರಿಸುತ್ತಿತ್ತು, ದಿಲ್ಲಿ ಬೆಂಗಳೂರಿನ ಕಡೆ. ಇಬ್ಬರ ಕೈಗಳೂ ನಮ್ಮ ತಲೆಯ ಮೇಲಿಂದಲೇ ಹಾಯುತ್ತಿದ್ದವು.

ಹುಲಿಗೆಮ್ಮ ದೇವದುರ್ಗದ ಜಾಲಹಳ್ಳಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ರಾಯಚೂರಿಗೆ ಬಂದು, ಗಿರಣಿಯೊಂದರಲ್ಲಿ ಅಕ್ಕಿ ಹಸನು ಮಾಡುವ ಕೆಲಸಕ್ಕೆ ಸೇರಿದ್ದಳು. ಮಗಳು ಲಕ್ಷ್ಮಿ ಸೆಕೆಂಡ್ ಪಿಯುಸಿ ಸೈನ್ಸ್. ಮನೆತನದಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ. ಯೋಜನೆಯ ಮನೆಗೆ ಫಲಾನುಭವಿ ಕಟ್ಟಬೇಕಾದ ವಂತಿಗೆಯನ್ನು ಹುಲಿಗೆಮ್ಮ ಮಹಿಳಾ ಸಂಘದಲ್ಲಿ ಸಾಲ ಮಾಡಿ ಕಟ್ಟಿದ್ದಳು. ನನ್ನನ್ನು ಕಂಡಾಗಲೆಲ್ಲ ಒಂದೇ ಮಾತು: "ಮಗಳ ಪರೀಕ್ಷಿ ಮುಗಿಯೋತನಕ ಈ ಊರಾಗ ಒಂದು ನೆಳ್ಳಿದ್ರ ಸಾಕ್ರೀ ಅಕ್ಕಾರ. ಮುಂದ ಆಕಿ ನನ್ನ ನೋಡ್ತಾಳ."

ಚುನಾವಣೆ ಹತ್ತಿರ ಬಂತು. ನೀತಿ ಸಂಹಿತೆ ಜಾರಿಯಾದರೆ ಸರ್ಕಾರಿ ಉದ್ಘಾಟನೆ ಮಾಡುವ ಹಾಗಿಲ್ಲ. ಅದಕ್ಕೆ ಮೊದಲೇ ಮನೆಗಳ ಹಂಚಿಕೆ ಮುಗಿಯಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಮನೆಗಳಿದ್ದದ್ದು ಮಾನ್ವಿ ರಸ್ತೆಯಲ್ಲಿ, ಊರು ದಾಟಿದ ಮೇಲೆ. ಮೂರಂತಸ್ತಿನ ಕಟ್ಟಡಗಳು. ರಸ್ತೆಗೆ ಕಾಣುವ ಗೋಡೆಗೆ ಮಾತ್ರ ಬಣ್ಣ ಬಳಿದಿದ್ದರು. ಒಳಗೆ ಬಾಗಿಲಿಲ್ಲ, ನಲ್ಲಿಯಿಲ್ಲ, ಕರೆಂಟಿಲ್ಲ, ಮೆಟ್ಟಿಲಿಗೆ ಕಂಬಿಯಿಲ್ಲ. ಇಂಜಿನಿಯರನ್ನು ಕೇಳಿದರೆ ಅನುದಾನ ಬಂದಿಲ್ಲ ಅಂದ. ಪೆಂಡಾಲಿಗೆ ಮಾತ್ರ ಅನುದಾನ ಬಂದಿತ್ತು.

ಇಂಥ ಸಮಾರಂಭದಲ್ಲಿ "ಸಾಂಕೇತಿಕ ಹಸ್ತಾಂತರ" ಎಂದೊಂದು ಪದ್ಧತಿಯಿದೆ. ಥರ್ಮಾಕೋಲಿಗೆ ಬಂಗಾರ ಬಣ್ಣದ ಕಾಗದ ಅಂಟಿಸಿದ ಮೊಳದುದ್ದದ ಕೀಲಿಕೈ, ಅದೂ ಒಂದೇ. ಫಲಾನುಭವಿಗಳು ಸಾಲಾಗಿ ಹತ್ತಿ, ಅದನ್ನು ಹಿಡಿದು ಸಚಿವರ ಪಕ್ಕ ಫೋಟೋಕ್ಕೆ ನಿಂತು, ಇಳಿಯುವಾಗ ಹಿಂದಿನವರಿಗಾಗಿ ವಾಪಸು ಕೊಡಬೇಕು. ಹಿಂದಿನ ದಿನವೇ ನಾನು ತಾಲೀಮು ಮಾಡಿಸಿದೆ. "ಖರೇ ಕೀಲಿಕೈ ಯಾವಾಗ ಕೊಡ್ತಾರ್ರೀ?" ಎಂದು ಹುಲಿಗೆಮ್ಮ ಕೇಳಿದಳು. ಬಾಗಿಲು ಕೂಡಿಸಿದ ಮೇಲೆ ಅಂದೆ. ಅವಳು ನಕ್ಕಳು, ನಾನೂ ನಕ್ಕೆ.

ಫೋಟೋ ಚೆನ್ನಾಗಿ ಬಂತು. ನಾಲ್ಕೇ ದಿನದಲ್ಲಿ ಬಸ್‌ಸ್ಟ್ಯಾಂಡಿನ ಎದುರು ದೊಡ್ಡ ಫ್ಲೆಕ್ಸು: ಸಚಿವರು, ಕೀಲಿಕೈ, ಹುಲಿಗೆಮ್ಮ. ಕೆಳಗೆ "ಬಡವರ ಸ್ವಂತ ಸೂರಿನ ಕನಸು ನನಸು" ಎಂಬ ಬರಹ. ಆ ಫ್ಲೆಕ್ಸನ್ನು ಅವಳ ಖೋಲಿಯ ಮಾಲೀಕ ಅಮರೇಶಪ್ಪನೂ ನೋಡಿದ. ಮರುದಿನವೇ ಬಂದು, ಗಡುವು ಹಾಕಿ, ಖೋಲಿ ಖಾಲಿ ಮಾಡಲು ಹೇಳಿದ.

ನಾನು ಅವನ ಮನೆಗೆ ಹೋದೆ. ಸಿಟ್ಟಿನಲ್ಲೇ ಹೋದೆ. ಆತ ನಿವೃತ್ತ ಬಸ್ ಕಂಡಕ್ಟರು, ಕೆಟ್ಟ ಮನುಷ್ಯನಲ್ಲ. ಚಹಾ ತರಿಸಿ ಹೇಳಿದ: "ಮಂತ್ರಿ ಕೈಲೆ ಮನಿ ತಗೊಂಡಾಕಿಗಿ ನನ್ನ ಖೋಲಿ ಯಾಕ್ರೀ? ಬ್ಯಾರೆದವ್ರು ಹೆಚ್ಚಿಗಿ ಬಾಡಿಗಿ ಕೊಡಾಕ ನಿಂತಾರ. ನನ್ನ ಪಿಂಚಣಿ ಶುಗರ್ ಗುಳಿಗಿಗೇ ಸಾಲವಲ್ದು. ನಂದೂ ಸಂಸಾರ ನಡೀಬೇಕಲ್ರೀ." ಆ ಮನೆಗೆ ಬಾಗಿಲೇ ಇಲ್ಲ ಎಂದೆ. "ಹಂಗಾರ ಮಂತ್ರಿ ಬೋರ್ಡು ಸುಳ್ಳೇನ್ರೀ?" ಅಂದ. ಸರ್ಕಾರದ ಸಂಬಳ ತಿನ್ನುವವಳು ನಾನು. ಚಹಾ ಕುಡಿದು ಎದ್ದು ಬಂದೆ.

ಹುಲಿಗೆಮ್ಮನನ್ನು ಸಚಿವರ ಜನಸಂಪರ್ಕ ಸಭೆಗೆ ಕರೆದುಕೊಂಡು ಹೋದೆ. ಅವರು ಫೈಲು ನೋಡದೆಯೇ ಹೇಳಿದರು: "ಹಿಂದಿನವರು ದುಡ್ಡು ಇಡದೇ ಕೆಲಸ ಚಾಲೂ ಮಾಡಿದ್ರು. ನಾವು ಉದ್ಘಾಟನೆಯನ್ನಾದರೂ ಮಾಡೀವಿ." ಪಕ್ಕದಲ್ಲಿದ್ದವರು ತಲೆಯಾಡಿಸಿದರು. ಎಂಥಾ ಭಂಡತನ ಅನ್ನಿಸಿತು. ಸುದ್ದಿ ಹಬ್ಬಿ, ಆ "ಹಿಂದಿನವರ" ಮುಖಂಡರೂ ಹುಲಿಗೆಮ್ಮನನ್ನು ಹುಡುಕಿಕೊಂಡು, ಅವಳು ನಮ್ಮ ಕಚೇರಿಗೆ ಬಂದಿದ್ದಾಗ ಅಲ್ಲಿಗೇ ಬಂದರು. ಕಾಮಗಾರಿಯ ಗುತ್ತಿಗೆ ಆಗಿದ್ದು ಅವರ ಕಾಲದಲ್ಲೇ. ನಾಳೆ ಪ್ರೆಸ್‌ಮೀಟಿಗೆ ಬಾ ತಂಗಿ, ಕ್ಯಾಮರಾ ಮುಂದೆ ನಿಂತು ಹೇಳು ಎಂದರು. ಹುಲಿಗೆಮ್ಮ ದನಿ ಏರಿಸಲಿಲ್ಲ.

"ಅವ್ರೂ ಫೋಟೋಕ್ಕ ನಿಂದ್ರು ಅಂದ್ರು, ನೀವೂ ಫೋಟೋಕ್ಕ ನಿಂದ್ರು ಅಂತೀರಿ. ಕುಂದ್ರಾಕ ಜಾಗ ಯಾರು ಕೊಡ್ತೀರ್ರೀ ಯಪ್ಪಾ?"

ಅವರು ಗಡಿಯಾರ ನೋಡಿಕೊಂಡು ಹೊರಟರು.

ಅಮರೇಶಪ್ಪ ಹೇಳಿದ ಗಡುವು ಮುಗಿದ ದಿನ ಹುಲಿಗೆಮ್ಮ ಒಂದು ಆಟೋದಲ್ಲಿ ಸಾಮಾನು ಹೇರಿಕೊಂಡು ಮಾನ್ವಿ ರಸ್ತೆಯ ಆ ಕಟ್ಟಡಕ್ಕೇ ಹೋದಳು. ತನಗೆ ಮಂಜೂರಾದ ಮನೆಯ ಬಾಗಿಲಿನ ಜಾಗಕ್ಕೆ ಸೀರೆ ಕಟ್ಟಿದಳು. ರಸ್ತೆಬದಿಯ ಧಾಬಾದಿಂದ ಕೊಡದಲ್ಲಿ ನೀರು ತಂದು ಎರಡನೇ ಮಹಡಿಗೆ ಹೊತ್ತಳು. ಲಕ್ಷ್ಮಿ ಅಲ್ಲಿಂದಲೇ ಕಾಲೇಜಿಗೆ ಹೋಗತೊಡಗಿದಳು. ನನಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಆದರೆ ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿ ವಾಟ್ಸಾಪಿಗೆ ಬಿಟ್ಟರು. ಬಣ್ಣ ಬಳಿಯದ ಗೋಡೆಗಳೆಲ್ಲ ಅದರಲ್ಲಿ ಕಂಡವು.

ಸಂಜೆಯೊಳಗೆ ಆದೇಶ ಬಂತು. ಹಸ್ತಾಂತರವಾಗದ, ವಾಸಕ್ಕೆ ಯೋಗ್ಯವಲ್ಲದ ಕಟ್ಟಡದಲ್ಲಿ ಅಕ್ರಮ ಪ್ರವೇಶ. ಕೂಡಲೇ ತೆರವು ಮಾಡಿಸತಕ್ಕದ್ದು. ನೋಟಿಸಿಗೆ ನಾನೇ ಸಹಿ ಹಾಕಬೇಕಂತೆ.

"ಹಸ್ತಾಂತರ ಆಗಿಲ್ಲ ಅಂದ್ರೆ ಅವತ್ತು ಪೆಂಡಾಲಿನಲ್ಲಿ ಆಗಿದ್ದೇನು ಸಾರ್?" ಎಂದು ನಮ್ಮ ಸಾಹೇಬರನ್ನು ಕೇಳಿದೆ.

"ಅದು ಸಾಂಕೇತಿಕ ಮೇಡಂ. ನಿಮ್ಮ ನಿವೃತ್ತಿ ಹತ್ತಿರ ಬಂದಿದೆ, ಸುಮ್ಮನೆ ಪಿಂಚಣಿ ಕಾಗದಕ್ಕೆ ತೊಂದರೆ ಮಾಡಿಕೊಳ್ಳಬೇಡಿ." ಅವರಿಗೂ ಮೇಲಿನಿಂದ ಯಾರದೋ ಫೋನು ಬಂದಿತ್ತು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಸಹಿ ಹಾಕಿದೆ.

ಮರುದಿನ ಇಬ್ಬರು ಪೊಲೀಸರೊಂದಿಗೆ ಹೋದೆ. ಕಟ್ಟಡದ ಬುಡದಲ್ಲಿ ಕರಿಕಲ್ಲಿನ ಫಲಕ. ಸಚಿವರಿಂದ ಹಿಡಿದು ವಾರ್ಡಿನ ಸದಸ್ಯರವರೆಗೆ ಬಂಗಾರದ ಅಕ್ಷರದಲ್ಲಿ ಹನ್ನೊಂದು ಹೆಸರು. ಮೇಲೆ ಹುಲಿಗೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಓದಲು ಬಾರದ ಅವಳು ನೋಟಿಸನ್ನು ಮಗಳ ಕೈಗೆ ಕೊಟ್ಟಳು. ಲಕ್ಷ್ಮಿ ಪೂರ್ತಿ ಓದಿ ಹೇಳಿದಳು.

"ಮಂತ್ರಿ ಹೆಸರು ಅದ ಏನು ನೋಡು."

"ಇಲ್ಲ ಯವ್ವಾ. ಅಕ್ಕಾರ ಹೆಸರು ಅಷ್ಟ ಅದ."

ಹುಲಿಗೆಮ್ಮ ನನ್ನ ಮುಖ ನೋಡಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಇಳಿಸಿ ಒಲೆ ಆರಿಸಿದಳು. ಆ ವಾರವೇ ತಾಯಿ ಮಗಳು ದೇವದುರ್ಗದ ಜನರ ಗುಂಪಿನೊಡನೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು. ಅಲ್ಲಿ ತಗಡಿನ ಶೆಡ್ಡಿಗೆ ಬಾಡಿಗೆ ಇಲ್ಲವಂತೆ, ಮತ್ತು ಸಂಘದ ಸಾಲ ತೀರಬೇಕಿತ್ತು. ಪರೀಕ್ಷೆಗೆ ಎರಡು ವಾರ ಉಳಿದಿತ್ತು. ಲಕ್ಷ್ಮಿ ಬರೆಯಲಿಲ್ಲ.

ಈಗ ನಾನು ಮಾನ್ವಿಯಲ್ಲಿದ್ದೇನೆ, ಪಿಂಚಣಿ ಸರಿಯಾಗಿ ಬರುತ್ತದೆ. ಇಷ್ಟು ವರ್ಷದ ನೌಕರಿ ಏನು ಕಲಿಸಿತೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಉದ್ದವಿಲ್ಲ. ಆ ತಾಯಿ ಮಗಳಿಗೆ ಮನೆ ಕೊಟ್ಟವರು ಹನ್ನೊಂದು ಮಂದಿ, ಬಿಡಿಸಿದವಳು ನಾನೊಬ್ಬಳು. ದಾಖಲೆ ತೆಗೆದು ನೋಡಿ, ಹಾಗೆಯೇ ಇದೆ.