ಅಪ್ಪನ ಕಾರಿನ ರೇಡಿಯೋ

ಸ್ನೇಹಿತರೇ, ಅಪ್ಪನ ಹಳೆಯ ಅಂಬಾಸಿಡರ್‌ಗೆ ಅವರಿಗೆ ತಿಳಿಸದೆ ಹೊಸ ಸ್ಟೀರಿಯೋ ಹಾಕಿಸಿದ್ದೆ. ಹೊರಗೆ ಕಾಣಬಾರದೆಂದು ಲಷ್ಕರ್ ಮೊಹಲ್ಲಾದ ಮೆಕ್ಯಾನಿಕ್ ಅದನ್ನು ಹಳೆಯ ರೇಡಿಯೋದ ಒಳಗೇ ಕೂರಿಸಿದ್ದ. ಇವತ್ತು ಚಾಮರಾಜಪುರಂ ದಾಟುವಾಗ ಅಪ್ಪ ಎಂದಿನಂತೆ ರೇಡಿಯೋದ ಗುಂಡಿ ತಿರುಗಿಸಿ ಕಾದರು. ನಾನು ಮೊಬೈಲ್ ಒತ್ತಿದೆ, ಸ್ಟೀರಿಯೋದಿಂದ ಹಾಡು ಬಂತು.

"ನನ್ನ ರೇಡಿಯೋ ಎಲ್ಲಿ ಹೋಯ್ತಮ್ಮ?" ಎಂದರು ಅಪ್ಪ.

ಸ್ಪೀಕರ್ ಹಾಕಿ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಒಳಗಿದ್ದಿದ್ದೆಲ್ಲ ಗುಜರಿಗೆ ಹಾಕ್ಬುಟ್ಟೆ ಮೇಡಂ. ಆನ್ ಮಾಡಿದ್ರೆ ಸದ್ದೇ ಬರ್ಲಿಲ್ಲ, ಕೆಟ್ಟೋಗಿದೆ ಅಂದ್ಕೊಂಡೆ."

"ಕೆಟ್ಟಿರ್ಲಿಲ್ಲ ಕಣಮ್ಮ," ಎಂದರು ಅಪ್ಪ ಮೆಲ್ಲಗೆ. "ಹಳೇ ವಾಲ್ವ್ ರೇಡಿಯೋ. ಬಿಸಿಯಾಗಿ ಸದ್ದು ಬರೋಕೆ ಸ್ವಲ್ಪ ಹೊತ್ತು ಬೇಕಿತ್ತು, ಅಷ್ಟೆ."

ನಾನು ಹಾಡು ನಿಲ್ಲಿಸಿದೆ. ನೋಡಿದವರಿಗೆ ಈಗಲೂ ಕಾರಿನಲ್ಲಿ ಏನೂ ಬದಲಾದಂತೆ ಕಾಣುವುದಿಲ್ಲ. ಮೆಕ್ಯಾನಿಕ್ ಹತ್ತಿರ ನಾನು ಕೇಳಿದ್ದೂ ಅದನ್ನೇ ಅಲ್ಲವೇ?