ನಾಗಮ್ಮ ಪಕ್ಕದ ಮನೆಗೆ ಕೂಲಿಗೆ ಹೋದದ್ದು

ಪಂಚೆಗೆಂದು ಕಾಯಿಸಿದ ಗಂಜಿಯ ವಾಸನೆ ಬಂದರೆ ಸಾಕು, ಸ್ವಾಮಿ, ನನಗೆ ತೆಲುಗು ಸೀಮೆಯ ಅಂಚಿನ ಎಮ್ಮಿಗನೂರಿನ ನೇಕಾರರ ಓಣಿ ನೆನಪಾಗುತ್ತದೆ. ಐವತ್ತರ ದಶಕದಲ್ಲಿ ನಾನು ಅಲ್ಲಿ ಹೊಸ ಮೇಷ್ಟ್ರು. ಜ್ಞಾನ ಧಾರಾಳವಾಗಿತ್ತು, ಅಡಿಗೆ ಬರುತ್ತಿರಲಿಲ್ಲ. ಹಾಗಾಗಿ ನೇಕಾರ ಈರಣ್ಣನ ಮನೆಯಲ್ಲಿ ಬಾಡಿಗೆಗಿದ್ದು, ಅವನ ಹೆಂಡತಿ ನಾಗಮ್ಮನ ಕೈಯಡಿಗೆ ಉಣ್ಣುತ್ತಿದ್ದೆ.

ಈರಣ್ಣ ನೇಯುವವನು. ನಾಗಮ್ಮ ಏನೂ ಮಾಡುವವಳಲ್ಲ: ನೂಲಿಗೆ ಗಂಜಿ ಹಾಕುವಳು, ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿಗಳನ್ನು, ಅಂದರೆ ಕಂಡಿಕೆಗಳನ್ನು, ರಾಟೆಯಲ್ಲಿ ಸುತ್ತುವಳು, ನೀರು ಹೊರುವಳು, ರೊಟ್ಟಿ ಬಡಿಯುವಳು. ಸೀರೆಯ ಕೂಲಿ ನೇಯ್ದವನಿಗೆ. ಚಿಪ್ಪಗಿರಿಯಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ಬಸ್ಸಿನ ಖರ್ಚು ಕೇಳಿದಾಗಲೆಲ್ಲ ಈರಣ್ಣ, "ಈ ಸೀರಿ ಇಳೀಲಿ ತಡಿ" ಎನ್ನುತ್ತಿದ್ದ. ಒಂದು ಇಳಿದರೆ ಇನ್ನೊಂದು ಮಗ್ಗಕ್ಕೆ ಏರುತ್ತಿತ್ತು.

ಒಂದು ಬೆಳಿಗ್ಗೆ ನಾಗಮ್ಮ ಪಕ್ಕದ ನೇಕಾರ ತಿಪ್ಪಣ್ಣನ ಮನೆಗೆ ಕೂಲಿಗೆ ಕಂಡಿಕೆ ಸುತ್ತಲು ಹೋದಳು. ತಿಪ್ಪಣ್ಣನ ಹೆಂಡತಿ ಲಕ್ಷ್ಮಮ್ಮ ನಮ್ಮ ಮನೆಗೆ ಬಂದು ನಾಗಮ್ಮನ ರಾಟೆಯ ಮುಂದೆ ಕುಳಿತಳು, ಅವಳೂ ಕೂಲಿಗೇ. ಗಂಡಸಿನ ಕೂಲಿಯ ಅರ್ಧವೂ ಇಲ್ಲ, ಹೆಂಗಸರ ಕೆಲಸವಲ್ಲವೆ! ಕಂಡಿಕೆಯಿಲ್ಲದೆ ಮಗ್ಗ ನಡೆಯದು. ಗಂಡಂದಿರು ಎರಡು ದಿನ ಹಲ್ಲು ಕಚ್ಚಿ ಸಹಿಸಿದರು. ಮೂರನೆಯ ದಿನ ಜಗಲಿಯ ಮೇಲೆ ನ್ಯಾಯ ಸೇರಿತು. ಓದಿದವನೆಂದು ನಾನೇ ನ್ಯಾಯಾಧೀಶ.

"ಏಮಿ ಮೇಷ್ಟ್ರೇ, ಇದು ನ್ಯಾಯಮೇನಾ?" ಎಂದ ಈರಣ್ಣ. "ನನ್ನ ರೊಕ್ಕ ಅವನ ಮನಿಗೆ, ಅವನದು ನನ್ನ ಮನಿಗೆ. ಅವರವರ ಮನ್ಯಾಗ ಅವರವರು ಸುತ್ತಿದ್ರ ಯಾರ ಗಂಟು ಹೋಗ್ತೈತಿ?"

"ನನ್ನ ಬಸ್ಸು ಹೋಗ್ತೈತಿ" ಎಂದಳು ನಾಗಮ್ಮ.

ನಾನು ಗಂಟಲು ಸರಿಮಾಡಿಕೊಂಡು, ಮನೆಗೆಲಸ ಗೃಹಿಣಿಯ ಧರ್ಮ, ಧರ್ಮಕ್ಕೆ ಕೂಲಿಯಿಲ್ಲ ಎಂದು ಅಪ್ಪಣೆ ಕೊಡಿಸಿದೆ.

"ಪಾಠ ಹೇಳೋದೂ ಧರ್ಮ ಅಂತೀರಲ್ರೀ ಮೇಷ್ಟ್ರ," ಎಂದಳು ನಾಗಮ್ಮ, "ಮತ್ತ ಪಗಾರ ಯಾಕ ತಗೊಂತೀರಿ?"

ನ್ಯಾಯಾಲಯ ಬರಖಾಸ್ತಾಯಿತು.

ಶನಿವಾರ ಕೂಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಅವಳು ತಾಯಿಯ ಕಡೆ ಹೊರಟೇಬಿಟ್ಟಳು. ಎಂಟು ದಿನ ಈರಣ್ಣನೂ ನಾನೂ ರೊಟ್ಟಿಯೆಂಬ ಹೆಸರಿನಲ್ಲಿ ಇದ್ದಿಲು ತಿಂದೆವು. ಲಕ್ಷ್ಮಮ್ಮ ಬಂದು ಕಂಡಿಕೆ ಸುತ್ತಿ ಹೋಗುವಳು. ಒಲೆಯ ಕಡೆ ಕೈ ತೋರಿಸಿದರೆ, "ಅದಕ್ಕ ಬ್ಯಾರೆ ಕೂಲಿ ಐತ್ರಿ" ಎನ್ನುವಳು.

ಇಷ್ಟು ಬರೆಯುವಷ್ಟರಲ್ಲಿ ನನ್ನ ಹೆಂಡತಿ ಊಟಕ್ಕೆ ಎಲೆ ಹಾಕಿ, "ಬೆಳಿಗ್ಗಿಂದ ಏನ್ ಮಾಡಾಕತ್ತೀರಿ?" ಎಂದು ಒಳಗಿಂದ ಕೇಳಿದಳು. ಎಂದಿನಂತೆ 'ಕೆಲಸ' ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬಡಿದ ರೊಟ್ಟಿಯ ವಾಸನೆ ಬಂತು.

"ಸುಮ್ನ ಕುಂತಿದ್ದೆ," ಎಂದೆ.