ವಿಮಾನದ ಟೈಲರ್
ಓಣಿಯವರೆಲ್ಲ ಆತನನ್ನು ವಿಮಾನದ ಟೈಲರ್ ಎಂದೇ ಕರೆಯುತ್ತಿದ್ದರು. ಹೊಲಿಗೆ ಹೊಟ್ಟೆಪಾಡಿಗೆ. ಜೀವವೆಲ್ಲ ಹಗುರ ಕಡ್ಡಿ, ತೆಳು ಕಾಗದದಲ್ಲಿ ಕಟ್ಟುವ ಪುಟ್ಟ ವಿಮಾನಗಳ ಮೇಲೆ. ಊಟದ ಮೇಜು ರೆಕ್ಕೆಗಳಿಗೆ ಮೀಸಲು, ಗಂಡ ಹೆಂಡತಿ ಉಣ್ಣುತ್ತಿದ್ದದ್ದು ನೆಲದ ಮೇಲೆ. ಅಂಟು ಒಣಗುವ ತನಕ ಫ್ಯಾನು ಹಾಕುವಂತಿಲ್ಲ. ಸೀನು ಬಂದರೆ ಬೀದಿಗೆ ಓಡಿ ಸೀನಿ ಬರಬೇಕು. ಒಂದು ತೊಟ್ಟು ಅಂಟು ಹೆಚ್ಚಾದರೂ ಮನೆ ಮುಳುಗಿದವನ ಹಾಗೆ ತಲೆ ಮೇಲೆ ಕೈ ಹೊತ್ತು, "ಭಾರ ಆಯ್ತು ಕಣೇ, ಭಾರ" ಎನ್ನುತ್ತಿದ್ದ. "ನನ್ನ ಕಟ್ಕೊಳ್ಳುವಾಗ ತೂಕ ನೋಡಿರ್ಲಿಲ್ವೇನ್ರೀ?" ಎಂದು ಹೆಂಡತಿ ಕೇಳಿದರೆ, "ನಿನ್ನ ಹಾರಿಸ್ಬೇಕಾಗಿರ್ಲಿಲ್ವಲ್ಲ" ಎಂದು ನಗುತ್ತಿದ್ದ. ಭಾನುವಾರ ಬೆಳಿಗ್ಗೆ ಬಯಲಿಗೆ ಹೋಗಿ, ಬೆರಳು ನೆಕ್ಕಿ ಗಾಳಿ ನೋಡಿ, ವಿಮಾನದ ಮೂತಿಯ ಪಂಕ ತಿರುಗಿಸುವ ರಬ್ಬರ್ ಪಟ್ಟಿಯನ್ನು ಇನ್ನೂರು ಸುತ್ತು ತಿರುಚಿ ಹಾರಬಿಡುತ್ತಿದ್ದ. ಹೆಚ್ಚಿನವು ಅಲ್ಲೇ ಇಳಿಯುತ್ತಿದ್ದವು. ಕೆಲವು ಮಾತ್ರ ನೆಲದಿಂದ ಮೇಲೇಳುವ ಬಿಸಿಗಾಳಿಗೆ ಸಿಕ್ಕಿ, ಮೇಲೆ ಮೇಲೆ ಹೋಗಿ ಕಣ್ಮರೆಯಾಗುತ್ತಿದ್ದವು. ಬರಿಗೈಲಿ ಮನೆಗೆ ಬಂದ ದಿನವೇ ಆತನಿಗೆ ಹಿಗ್ಗು ಜಾಸ್ತಿ. ಹೋದ ವರ್ಷ ಆತ ತೀರಿಕೊಂಡ. ಮಗಳು ಮೂರು ಸಲ ಬಂದು, "ಈ ಮನೆ ಬಿಟ್ಬಿಡಮ್ಮಾ, ನಮ್ಮ ಜೊತೆ ಬಾ. ಅಪ್ಪನೇ ಇಲ್ಲ, ಇನ್ನೇನಿದೆ ಇಲ್ಲಿ?" ಎಂದು ಕರೆದಳು. ತಾಯಿ ಹೊರಡಲಿಲ್ಲ. ಪ್ರತಿ ವಿಮಾನದ ರೆಕ್ಕೆಯೊಳಗೂ ಆತ ಒಂದು ಚೀಟಿ ಅಂಟಿಸುತ್ತಿದ್ದ, ಸಿಕ್ಕವರು ತಂದುಕೊಡಲಿ ಎಂದು ಈ ಮನೆಯ ವಿಳಾಸ ಬರೆದು. "ಹಾರಿಹೋದವು ಇನ್ನೂ ಏಳು ಬರ್ಬೇಕು" ಎಂದಳು ಅವಳು. "ಅವೆಲ್ಲ ಎಲ್ಲಿ ಬರುತ್ವಮ್ಮಾ?" ಎಂದಳು ಮಗಳು. "ಬರಲ್ಲ ಅಂತ ನಂಗೂ ಗೊತ್ತು ಕಣೇ. ಆದ್ರೂ ಯಾರಾದ್ರೂ ತಂದ್ರೆ, ಮನೆಗೆ ಬೀಗ ಇರ್ಬಾರ್ದು."